ಅಮಾನತಿನ ಮೀನು

ನಮ್ಮೂರು ಗುತ್ತಲ. ಹಾವೇರಿಯಿಂದ ಪೂರ್ವಕ್ಕೆ ಸುಮಾರು 25 ಕಿಲೋಮೀಟರ್. ಇನ್ನಷ್ಟು ಪೂರ್ವಕ್ಕೆ ಹೋದರೆ ತುಂಗಭದ್ರೆ. ನಮ್ಮವರು ಕಂಡ ದೊಡ್ಡ ನೀರು ಎಂದರೆ ಅದೇ. ಸಮುದ್ರ ನೋಡಬೇಕೆಂದರೆ ಬಸ್ಸು ಹತ್ತಿ, ಘಟ್ಟ ಇಳಿದು, ಕುಮಟೆಗೋ ಹೊನ್ನಾವರಕ್ಕೋ ಹೋಗಬೇಕು. ನಮ್ಮ ಅಮ್ಮಿಗೆ ಈಗ ಎಪ್ಪತ್ತೆಂಟು ವರ್ಷ. ಅವರು ಸಮುದ್ರ ಕಂಡವರಲ್ಲ. ಹಜ್ಜಿಗೆಂದು ಕೂಡಿಟ್ಟ ದುಡ್ಡು ಒಮ್ಮೆ ಮಗಳ ಮದುವೆಗೆ, ಒಮ್ಮೆ ಮಗನ ಆಪರೇಷನ್ನಿಗೆ ಹೋಯಿತು. ಅಂಥವರ ಮನೆಯ ಪಡಸಾಲೆಯಲ್ಲಿ ನಾಲ್ಕು ವರ್ಷಗಳಿಂದ 250 ಲೀಟರ್ ಸಮುದ್ರ ನಿಂತಿದೆ. ಅದರೊಳಗೆ ಒಂದೇ ಒಂದು ಮೀನು. ಆ ಮೀನನ್ನು ಇಟ್ಟುಕೊಳ್ಳುವ ಹಕ್ಕು ನಮಗಿತ್ತೇ ಎಂಬ ಪ್ರಶ್ನೆ ಈ ನಾಲ್ಕು ವರ್ಷವೂ ನಮ್ಮನ್ನು ಕಾಡಿದೆ. ಉತ್ತರ ಸಿಕ್ಕಿತೆಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಪ್ರಶ್ನೆ ಎಲ್ಲೆಲ್ಲಿ ಕರೆದುಕೊಂಡು ಹೋಯಿತು ಎಂಬುದನ್ನು ಓದುಗರ ಮುಂದಿಡಬೇಕೆನಿಸಿತು.

ದೂರದ್ದನ್ನು ತಂದು ಮನೆಯಲ್ಲಿಟ್ಟುಕೊಳ್ಳುವ ಆಸೆ ನಮ್ಮೂರಿಗೆ ಹೊಸದೇನಲ್ಲ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಇಲ್ಲಿ ಆಳಿದ ಗುತ್ತರು ತಮ್ಮನ್ನು ಉಜ್ಜಯಿನಿಯ ಚಂದ್ರಗುಪ್ತ ವಿಕ್ರಮಾದಿತ್ಯನ ವಂಶದವರೆಂದು ಶಾಸನಗಳಲ್ಲಿ ಕರೆದುಕೊಂಡರು. ಉಜ್ಜಯಿನಿ ಎಲ್ಲಿ, ಗುತ್ತಲ ಎಲ್ಲಿ! ಆದರೂ ಆ ಹೆಸರನ್ನು ತಂದು ಇಲ್ಲಿ ಇಟ್ಟರು. ನಮ್ಮ ಅಣ್ಣನ ಮಗ ಸಮುದ್ರವನ್ನು ತಂದ.

ಹುಡುಗ ಬೆಂಗಳೂರಿನಲ್ಲಿ ಮೀನಿನ ತೊಟ್ಟಿ ಕಟ್ಟಿಕೊಡುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. 2020ರ ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿತು. ಬಾಕಿ ಸಂಬಳದ ಬದಲಿಗೆ ಮಾಲೀಕರು ಒಂದು ಹಳೆಯ ಗಾಜಿನ ತೊಟ್ಟಿ, ಎರಡು ಪಂಪು, ನೀರಿನ ಕೊಳೆಯನ್ನು ನೊರೆಯಾಗಿ ಎಳೆದು ಹಾಕುವ ಒಂದು ಯಂತ್ರ ಕೊಟ್ಟು ಕಳಿಸಿದರು. ತೊಟ್ಟಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ವರ್ಷವಿಡೀ ಅದು ಅಟ್ಟದ ಮೇಲೆ ಧೂಳು ತಿಂದಿತು. 2021ರ ಮಳೆಗಾಲ ಮುಗಿಯುತ್ತಲೇ ಹುಡುಗ ಅದನ್ನು ಕೆಳಗಿಳಿಸಿದ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆ ಲೆಕ್ಕದಲ್ಲಿ ನಮ್ಮ ತೊಟ್ಟಿಗೆ ಎಂಟೂಮುಕ್ಕಾಲು ಕಿಲೋ ಬೇಕು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪು ತಂದರಾಯಿತಲ್ಲ ಎಂದು ನಾವು ಹೇಳಿದ್ದಕ್ಕೆ ಅವನು ನಕ್ಕ. ಗದ್ದೆಯಲ್ಲಿ ಉಪ್ಪು ಹರಳುಗಟ್ಟುವಾಗ ಮೆಗ್ನೀಸಿಯಂ, ಪೊಟ್ಯಾಸಿಯಂ ಮೊದಲಾದವು ಬಹುಪಾಲು ಕಹಿನೀರಿನಲ್ಲಿಯೇ ಉಳಿದುಬಿಡುತ್ತವಂತೆ. ಅವೆಲ್ಲವನ್ನೂ ಅಳತೆಗೆ ತಕ್ಕಂತೆ ಬೆರೆಸಿದ ಉಪ್ಪಿನ ಚೀಲ ಬೇರೆಯೇ ಬರುತ್ತದೆ. ಸಮುದ್ರ ಎಂದರೆ ಉಪ್ಪುನೀರು ಎಂದಷ್ಟೇ ತಿಳಿದಿದ್ದ ನಮಗೆ ಅದು ಮೊದಲ ಪಾಠ.

ಎರಡನೆಯ ಪಾಠ ನೀರಿನದು. ನಮ್ಮ ಬೋರಿನ ನೀರು ಗಡಸು. ಅದು ಆಗುವುದಿಲ್ಲ. ಹುಡುಗ ಗಾಡಿಯ ಮೇಲೆ ಕ್ಯಾನುಗಳನ್ನು ಕಟ್ಟಿಕೊಂಡು ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಹೋದ. ಐದು ರೂಪಾಯಿಗೆ 20 ಲೀಟರ್. ಅವನು ಹದಿಮೂರು ಕ್ಯಾನು ತುಂಬುವುದನ್ನು ನೋಡಿ ಹಿಂದೆ ನಿಂತಿದ್ದ ಹೆಣ್ಣುಮಗಳೊಬ್ಬಳು, "ಮನ್ಯಾಗ ಮದುವಿ ಐತೇನೋ ತಮ್ಮಾ?" ಎಂದು ಕೇಳಿದಳಂತೆ. "ಇಲ್ಲಕ್ಕಾ, ಮೀನಿಗೆ" ಎಂದನಂತೆ ಇವನು. ಆಕೆ ನಕ್ಕಳು. ಮನೆಗೆ ಬಂದು ಹೇಳಿದಾಗ ನಾವೂ ನಕ್ಕೆವು. ಆ ನಗುವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಅದರ ಮಾತು ಬರುತ್ತದೆ.

ನೀರು, ಉಪ್ಪು, ಸಿಮೆಂಟಿನ ಬಂಡೆ ಎಲ್ಲ ಇಟ್ಟ ಮೇಲೂ ಆರು ವಾರ ತೊಟ್ಟಿ ಖಾಲಿ ನಿಂತಿತು. ಬಂಡೆ ಸಿಮೆಂಟಿನದೇ ಏಕೆಂದರೆ, 2001ರಿಂದ ಹವಳವು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ, ಹುಲಿಯ ಸಾಲಿನಲ್ಲಿ. ಅದನ್ನು ಮುಟ್ಟುವಂತಿಲ್ಲ. ಖಾಲಿ ನಿಲ್ಲಿಸಿದ್ದಕ್ಕೆ ಕಾರಣ ಮೀನಿನ ಕೊಳೆ. ಮೀನು ಬಿಡುವ ಅಮೋನಿಯಾ ಅದಕ್ಕೇ ವಿಷ. ಒಂದು ಜಾತಿಯ ಸೂಕ್ಷ್ಮಜೀವಿ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ಅಷ್ಟೇನೂ ಕೆಡುಕಿಲ್ಲದ ನೈಟ್ರೇಟ್ ಮಾಡುತ್ತದೆ. ಕಣ್ಣಿಗೆ ಕಾಣದ ಈ ಕೆಲಸದವರು ಬಂದು ನೆಲೆಸುವವರೆಗೆ ಮೀನು ಬಿಡುವಂತಿಲ್ಲ. ಅಮ್ಮಿ ದಿನವೂ ಆ ಖಾಲಿ ತೊಟ್ಟಿಯ ಮುಂದೆ ತಸ್ಬಿ ಹಿಡಿದು ಕೂರುತ್ತಿದ್ದರು. "ಸಮುದ್ರ ಅಂದ್ರೆ ಇಷ್ಟೇನಾ?" ಎಂದು ಒಮ್ಮೆ ಕೇಳಿದರು.

ಆಮೇಲೆ ಬಂದಿತು ಮೀನು. ಪ್ಲಾಸ್ಟಿಕ್ ಚೀಲದಲ್ಲಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ರಾತ್ರಿ ಬಸ್ಸಿನಲ್ಲಿ. ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ಕಪ್ಪಿಗೆ ಹತ್ತಿರವಾದ ನೀಲಿ ಮೈ, ಅದರ ಮೇಲೆ ಬಿಲ್ಲಿನಂತೆ ಬಾಗಿದ ಬಿಳಿ ಮತ್ತು ತಿಳಿನೀಲಿ ಗೆರೆಗಳು. ಇದು ಸಮುದ್ರದ ಏಂಜೆಲ್ ಮೀನು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಸಿಹಿನೀರಿನ ಏಂಜೆಲ್ ಬೇರೆ. ಅದರ ಮೂಲ ದಕ್ಷಿಣ ಅಮೆರಿಕದ ನದಿಗಳು. ಅದು ಈಗ ಚೆನ್ನೈನ ಕೊಳತ್ತೂರಿನಂಥ ಕಡೆ ತೊಟ್ಟಿಯಲ್ಲೇ ಹುಟ್ಟಿ ತೊಟ್ಟಿಯಲ್ಲೇ ಬೆಳೆಯುತ್ತದೆ. ನಮ್ಮದು ಹವಳದ ದಿಬ್ಬಗಳ ನಡುವೆ ಬದುಕುವ, ಕೆನ್ನೆಯ ಬಳಿ ಮುಳ್ಳಿರುವ ಕುಲದ್ದು. ಈ ಕುಲದಲ್ಲಿ ತೊಂಬತ್ತರ ಆಸುಪಾಸು ಜಾತಿಗಳಿವೆ. ನಮ್ಮ ಮೀನಿನ ಶಾಸ್ತ್ರೀಯ ಹೆಸರು ಪೊಮಕಾಂಥಸ್ ಸೆಮಿಸರ್ಕ್ಯುಲೇಟಸ್. ವ್ಯಾಪಾರದಲ್ಲಿ ಅದಕ್ಕೆ ಇನ್ನೊಂದು ಹೆಸರಿದೆ: ಕುರ್‌ಆನ್ ಏಂಜೆಲ್.

ಹುಡುಗ ಅದನ್ನೇ ಆರಿಸಿ ತಂದದ್ದು ಆ ಹೆಸರಿಗಾಗಿ. ಈ ಮೀನು ಬೆಳೆಯುವ ನಡುಗಾಲದಲ್ಲಿ ಬಾಲದ ಮೇಲಿನ ಗೆರೆಗಳು ಅರಬ್ಬಿ ಅಕ್ಷರಗಳಂತೆ ಕಾಣುತ್ತವೆ. ಕಳೆದ ಶತಮಾನದ ಮೊದಲ ಭಾಗದಲ್ಲಿ ಜಾಂಜಿಬಾರಿನ ಮೀನು ಪೇಟೆಗೆ ಇಂಥದೊಂದು ಬಂತೆಂದೂ, ಯಾರೋ ಅದರ ಬಾಲದಲ್ಲಿ ದೇವರ ಏಕತ್ವದ ಮಾತನ್ನು ಓದಿದರೆಂದೂ, ಕೂಡಲೇ ಅದರ ಬೆಲೆ ಒಂದು ಪೆನ್ನಿಯಿಂದ ಐದು ಸಾವಿರ ರೂಪಾಯಿಗೆ ಏರಿತೆಂದೂ ಒಂದು ಕಥೆ ಮೀನಿನ ಪುಸ್ತಕಗಳಲ್ಲಿ ಓಡಾಡುತ್ತದೆ. ಆಗ ಅಲ್ಲಿಯೂ ರೂಪಾಯಿಯೇ ನಡೆಯುತ್ತಿತ್ತು. ಕಥೆ ಎಷ್ಟು ನಿಜವೋ, ಮೀನಿಗೆ ಹೆಸರಂತೂ ಅಂಟಿಕೊಂಡಿತು.

ನಮ್ಮ ಮನೆಗೂ ಜನ ಬರತೊಡಗಿದರು. ಮರುವರ್ಷ ಬಾಲದ ಗೆರೆಗಳು ಸ್ಪಷ್ಟವಾದ ಮೇಲಂತೂ ಜುಮಾ ಮುಗಿಸಿ ನೇರ ನಮ್ಮ ಪಡಸಾಲೆಗೆ ಬರುವವರಿದ್ದರು. ಒಬ್ಬರಿಗೆ ಅಲಿಫ್ ಕಂಡಿತು, ಒಬ್ಬರಿಗೆ ಲಾಮ್. ನಾವು ಉರ್ದು ಶಾಲೆಯಲ್ಲಿ ಬಲದಿಂದ ಎಡಕ್ಕೂ ಕನ್ನಡ ಶಾಲೆಯಲ್ಲಿ ಎಡದಿಂದ ಬಲಕ್ಕೂ ಓದಲು ಕಲಿತವರು. ಎರಡೂ ಕಡೆಯಿಂದ ನೋಡಿದೆವು, ನಮಗೆ ಗೆರೆಗಳಷ್ಟೇ ಕಂಡವು. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಪಕ್ಕದ ಓಣಿಯ ನಿವೃತ್ತ ಮಾಸ್ತರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, "ಸಾಬ್ರ, ತಪ್ಪು ತಿಳೀಬ್ಯಾಡ್ರಿ, ನನಗ ಓಂ ಕಂಡಂಗ ಆಗಾಕತ್ತೈತಿ" ಎಂದರು. ಎಲ್ಲರೂ ನಕ್ಕರು, ಚಹಾ ಕುಡಿದರು. ಆ ದಿನಗಳು ಚೆನ್ನಾಗಿದ್ದವು. ಮನೆಗೆ ಬರ್ಕತ್ತು ಬಂದಿದೆ ಎಂದು ಅಮ್ಮಿ ನಂಬಿದ್ದರು.

ನಡುವೆ ಒಂದು ದಿನ ಚೌಡಯ್ಯದಾನಪುರದ ನಮ್ಮ ಗೆಳೆಯರೊಬ್ಬರು ಬಂದರು. ಅದು ತುಂಗಭದ್ರೆಯ ದಂಡೆಯ ಊರು. ಗುತ್ತರ ಕಾಲದ ಮುಕ್ತೇಶ್ವರ ಗುಡಿ ಅಲ್ಲಿದೆ. ಬಸವಣ್ಣನವರ ಕಾಲದ ವಚನಕಾರ ಅಂಬಿಗರ ಚೌಡಯ್ಯನ ಊರೆಂದು ಹೆಸರಾದದ್ದೂ ಅದೇ. ಗೆಳೆಯರ ಮನೆತನದವರು ತಲೆಮಾರುಗಳಿಂದ ದೋಣಿ, ಬಲೆ ನಂಬಿದವರು. ಅವರು ಬಾಲದ ಅಕ್ಷರ ನೋಡಲಿಲ್ಲ. ಮೀನು ತೊಟ್ಟಿಯ ಈ ತುದಿಯಿಂದ ಆ ತುದಿಗೆ ಹೋಗಿ ತಿರುಗುವುದನ್ನು ಎಣಿಸುತ್ತ ಕುಳಿತಿದ್ದರು. ಆಮೇಲೆ, "ಹಿಡಿಯೂದು ಗೊತ್ತೈತಿ, ತಿನ್ನೂದು ಗೊತ್ತೈತಿ. ಹಿಡಕೊಂಡು ಬಂದು ನೋಡಿಕೋಂತ ಕುಂದ್ರೂದು ನಮಗ ಗೊತ್ತಿಲ್ರೀ. ಅದು ಏನು ತಪ್ಪು ಮಾಡಿತ್ತು?" ಎಂದರು.

ಅವರು ಹೋದ ಮೇಲೂ ಮಾತು ಮನೆಯಲ್ಲಿ ಉಳಿಯಿತು. ನಾವು ಮೀನು ತಿನ್ನುವವರೇ. ಕಾಟ್ಲಾ, ರೋಹು, ಬಾಳೆಮೀನು ಯಾವುದೂ ನಮ್ಮ ಒಲೆಗೆ ಹೊರತಲ್ಲ. ಕೊಂದು ತಿನ್ನುವಾಗ ಏಳದ ಪ್ರಶ್ನೆ, ಸಾಕಿ ನೋಡುವಾಗ ಏಕೆ ಏಳಬೇಕು? ಬಹಳ ಯೋಚಿಸಿದೆವು. ಹಸಿವಿಗೆ ಒಂದು ಅಳತೆ ಇದೆ, ಹೊಟ್ಟೆ ತುಂಬಿದಲ್ಲಿಗೆ ನಿಲ್ಲುತ್ತದೆ. ಕಣ್ಣಿನ ಆಸೆಗೆ ಅಂಥ ಅಳತೆ ಇಲ್ಲ. ತಟ್ಟೆಯ ಮೀನಿನ ಕಷ್ಟ ಒಂದು ಗಳಿಗೆಯದು, ಗಾಜಿನ ಮೀನಿನದು ಅದರ ಆಯುಷ್ಯದಷ್ಟು. ಚೆನ್ನಾಗಿ ನೋಡಿಕೊಂಡರೆ ಈ ಮೀನು ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಸಮುದ್ರದಲ್ಲಿ ಅದು ಒಂದಡಿಗೂ ಮೀರಿ ಬೆಳೆಯುತ್ತದೆ, 40 ಸೆಂಟಿಮೀಟರಿನವರೆಗೆ. ನಮ್ಮ ತೊಟ್ಟಿ ನಾಲ್ಕಡಿ. ಪೂರ್ತಿ ಬೆಳೆದರೆ ಅದರ ಲೋಕ ಅದರದೇ ಮೈಯ ಮೂರು ಪಟ್ಟು. ಕೈಚಾಚಿದರೆ ಗೋಡೆ ಸಿಗುವ ಕೋಣೆಯಲ್ಲಿ ಮನುಷ್ಯನನ್ನು ಹತ್ತು ವರ್ಷ ಇಟ್ಟರೆ ಅದಕ್ಕೆ ನಾವು ಬೇರೆ ಹೆಸರಿಡುತ್ತೇವೆ.

ಅದು ಎಲ್ಲಿಂದ ಬಂತು ಎಂದು ಹುಡುಗನನ್ನು ಕೇಳಿದೆವು. ಅವನಿಗೆ ಅಂಗಡಿಯವರೆಗೆ ಗೊತ್ತಿತ್ತು, ಅದರಾಚೆ ಇಲ್ಲ. ಈ ವ್ಯಾಪಾರದ ಬಗ್ಗೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2003ರಲ್ಲಿ ಒಂದು ವರದಿ ಪ್ರಕಟಿಸಿತು. ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಸಮುದ್ರದ ಅಲಂಕಾರ ಮೀನುಗಳು ಆಗ ಕೈ ಬದಲಾಯಿಸುತ್ತಿದ್ದವು, 1,471 ಜಾತಿಯವು. ಸಿಹಿನೀರಿನ ಅಲಂಕಾರ ಮೀನುಗಳು ಬಹುಪಾಲು ಸಾಕಣೆಯವು, ಸಮುದ್ರದವು ಬಹುಪಾಲು ಹವಳದ ದಿಬ್ಬದಿಂದ ಹಿಡಿದು ತಂದವು. ಕೆಲವರು ಬಲೆಯಲ್ಲಿ ಜೋಪಾನವಾಗಿ ಹಿಡಿಯುತ್ತಾರೆ. ಇನ್ನು ಕೆಲವೆಡೆ, 1960ರ ದಶಕದಲ್ಲಿ ಫಿಲಿಪ್ಪೀನ್ಸಿನಲ್ಲಿ ಶುರುವಾದ ಪದ್ಧತಿಯಂತೆ, ಸಯನೈಡ್ ಕರಗಿಸಿದ ನೀರನ್ನು ಬಂಡೆಯ ಸಂದಿಗೆ ಚಿಮ್ಮಿಸಿ, ಮೂರ್ಛೆ ಹೋದ ಮೀನನ್ನು ಎತ್ತಿಕೊಳ್ಳುತ್ತಾರೆ. ಆಗ ಬಂಡೆಯ ಹವಳವೂ ಸಾಯುತ್ತದೆ, ದಾರಿಯಲ್ಲಿ ಎಷ್ಟೋ ಮೀನುಗಳೂ ಸಾಯುತ್ತವೆ. ನಮ್ಮ ಮೀನು ಯಾವ ಕೈಯಿಂದ ಬಂತೋ ತಿಳಿಯುವ ದಾರಿಯಿಲ್ಲ. ಬಾಲದ ಮೇಲೆ ಬರಹ ಹುಡುಕಿದ ನಮಗೆ ಅದರ ವಿಳಾಸ ಮಾತ್ರ ಓದಲು ಸಿಗಲಿಲ್ಲ.

ಎದುರು ಪಕ್ಷದ ಮಾತನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವಿದೆ. 2000ದಲ್ಲಿ ಒಂದು ದ್ವೀಪದೇಶದಿಂದ ಹೋದ ಒಂದು ಕಿಲೋ ಜೀವಂತ ಅಲಂಕಾರ ಮೀನಿಗೆ ಸುಮಾರು 500 ಡಾಲರ್ ಸಿಕ್ಕಿತು. ತಿನ್ನಲು ಹಿಡಿದ ದಿಬ್ಬದ ಮೀನಿಗೆ ಕಿಲೋಗೆ 6 ಡಾಲರ್. ದಂಡೆಯ ಬಡವನಿಗೆ ಕಡಿಮೆ ಮೀನಿನಲ್ಲಿ ಹೆಚ್ಚು ಹಣ ಸಿಗುವುದಾದರೆ, ದಿಬ್ಬವನ್ನು ಕಾಪಾಡುವ ಆಸೆ ಅವನಿಗೇ ಹುಟ್ಟೀತು ಎಂಬ ವಾದ ಸುಳ್ಳಲ್ಲ. ನಮ್ಮಲ್ಲಿಯೂ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನಿನಂಥವನ್ನು ತೊಟ್ಟಿಯಲ್ಲೇ ಮರಿ ಮಾಡಿಸುವುದನ್ನು ಸಾಧಿಸಿದ್ದಾರೆ. ಏಂಜೆಲ್ ಮೀನಿನದು ಕಷ್ಟ. ಅದರ ಮೊಟ್ಟೆ ನೀರಿನ ಮೇಲೆ ತೇಲಿಹೋಗುತ್ತದೆ. ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು, ವಾರಗಟ್ಟಲೆ ಅಲೆಯುತ್ತದೆ. ಕೆಲವು ದೇಶಗಳಲ್ಲಿ ಕೆಲವರು ಅದನ್ನೂ ಸಾಧಿಸಿದ್ದಾರೆ, ಆದರೆ ಅಂಗಡಿಗೆ ಬರುವುದು ಹೆಚ್ಚಾಗಿ ಹಿಡಿದದ್ದೇ. ಸರ್ಕಾರ 2017ರಲ್ಲಿ ಮೀನಿನ ಅಂಗಡಿಗಳಿಗೆ ಕಟ್ಟುನಿಟ್ಟಿನ ನಿಯಮ ತಂದು, 158 ಜಾತಿಗಳ ಪ್ರದರ್ಶನ ಮತ್ತು ಮಾರಾಟ ನಿಲ್ಲಿಸಲು ಹೊರಟು, ವಿರೋಧ ಬಂದ ಮೇಲೆ ನಿಯಮವನ್ನೇ ಹಿಂತೆಗೆದುಕೊಂಡಿತು. ಅಲ್ಲಿಗೆ ಪ್ರಶ್ನೆ ಕಾನೂನಿನ ಕೈಬಿಟ್ಟು ನಮ್ಮ ನಿಮ್ಮ ಪಡಸಾಲೆಗೆ ಬಂತು.

ನಮ್ಮ ಮೊಹಲ್ಲಾದ ಮೌಲವಿ ಸಾಹೇಬರಲ್ಲಿ ಕೇಳಿದೆವು. ಅವರು ಅಬೂ ಉಮೈರ್ ಎಂಬ ಪುಟ್ಟ ಬಾಲಕನ ಪ್ರಸಂಗ ಹೇಳಿದರು. ಅವನೊಂದು ಸಣ್ಣ ಹಕ್ಕಿ ಸಾಕಿದ್ದ. ಅದು ಸತ್ತು ಅವನು ಮಂಕಾಗಿ ಕುಳಿತಾಗ ಪ್ರವಾದಿಯವರು(ಸ) ಹಕ್ಕಿಯ ವಿಷಯ ತೆಗೆದು ಅಕ್ಕರೆಯಿಂದ ಮಾತನಾಡಿಸಿದರು, ಸಾಕಿದ್ದೇ ತಪ್ಪೆಂದು ಗದರಲಿಲ್ಲ. ಅದರ ಆಧಾರದಲ್ಲಿ, ಹೊತ್ತಿಗೆ ಸರಿಯಾಗಿ ಉಣಿಸಿ ಹಿಂಸೆ ಕೊಡದೆ ಪ್ರಾಣಿ ಪಕ್ಷಿ ಸಾಕಬಹುದು ಎಂದು ವಿದ್ವಾಂಸರು ಹೇಳಿದ್ದಾರೆ. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿದ ಹೆಂಗಸಿಗೆ ಶಿಕ್ಷೆಯಾದ ಪ್ರಸಂಗವನ್ನೂ ಮೌಲವಿ ಸಾಹೇಬರು ನೆನಪಿಸಿದರು. "ತಿನಿಸುತ್ತೀರಲ್ಲ, ನೀರು ಸ್ವಚ್ಛ ಇಡುತ್ತೀರಲ್ಲ, ಗುನಾಹ್ ಇಲ್ಲ, ಹೋಗಿ" ಎಂದರು. ಸಮಾಧಾನವಾಗಿ ಎದ್ದು ಬಾಗಿಲವರೆಗೆ ಬಂದಾಗ ಅವರೇ ಕರೆದು ಇನ್ನೊಂದನ್ನೂ ಹೇಳಿದರು. ಪ್ರಯಾಣದಲ್ಲಿ ಕೆಲವು ಸಂಗಾತಿಗಳು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿಹಕ್ಕಿ ರೆಕ್ಕೆ ಬಡಿಯುತ್ತ ಅವರ ಮೇಲೆ ಸುತ್ತಿತು. ಪ್ರವಾದಿಯವರು(ಸ) ಬಂದು ನೋಡಿ, ಈ ಹಕ್ಕಿಯನ್ನು ನೋಯಿಸಿದವರು ಯಾರೆಂದು ಕೇಳಿ, ಮರಿಗಳನ್ನು ಹಿಂದಿರುಗಿಸಲು ಹೇಳಿದರು. "ಇದನ್ನೂ ತಲೆಯಲ್ಲಿಟ್ಟುಕೊಳ್ಳಿ" ಎಂದರು ಮೌಲವಿ ಸಾಹೇಬರು.

ಪಾಪವಿಲ್ಲ ಎಂದರೆ ಸರಿ ಎಂದೇ ಅರ್ಥವೇ? ಅನುಮತಿ ಎಂಬುದು ಹೊಸ್ತಿಲು. ಹೊಸ್ತಿಲು ದಾಟಬಹುದು ಎಂದರೆ ದಾಟಲೇಬೇಕೆಂದೇನೂ ಇಲ್ಲ. ಆ ಬಾಲಕನ ಹಕ್ಕಿ ಅವನ ಊರಿನ ಹಕ್ಕಿ. ಅದೇ ಗಾಳಿ, ಅದೇ ಕಾಳು. ಕಿಟಕಿ ತೆರೆದರೆ ಹೋದೀತು. ನಮ್ಮ ಮೀನಿಗೆ ಕಿಟಕಿ ತೆರೆದರೆ ಗುತ್ತಲದ ಬಿಸಿಲು. ಹಿಂದಿರುಗಿಸಲು ಬಾರದ್ದನ್ನು ಎತ್ತಿಕೊಳ್ಳುವುದಕ್ಕೂ, ಹಿಂದಿರುಗಿಸಬಹುದಾದ್ದನ್ನು ಎತ್ತಿಕೊಳ್ಳುವುದಕ್ಕೂ ವ್ಯತ್ಯಾಸವಿದೆ ಎಂದು ನಮಗೆ ತೋರಿತು.

ಇಲ್ಲಿ ನಮಗೆ ಒಂದು ಶಬ್ದ ನೆನಪಾಗುತ್ತದೆ. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಅದು ನಮ್ಮ ಮಿಲ್ಕಿಯತ್ ಅಲ್ಲ, ನಮ್ಮ ಒಡೆತನಕ್ಕೆ ಸೇರಿದ್ದಲ್ಲ. ಕೊಟ್ಟವರು ಕೇಳಿದಾಗ ಕೊಟ್ಟಂತೆಯೇ ಮರಳಿಸಬೇಕು. ಮಕ್ಕಳು ಅಮಾನತ್, ಮೈ ಅಮಾನತ್, ಭೂಮಿ ಅಮಾನತ್ ಎಂದು ಅಬ್ಬಾ ಹೇಳುತ್ತಿದ್ದರು. ಅದೇ ಶಬ್ದ ಕನ್ನಡಕ್ಕೆ ಬಂದು ಕಚೇರಿ ಸೇರಿ ಬೇರೆ ಅರ್ಥ ಪಡೆಯಿತು. ಅಮಾನತಿನಲ್ಲಿರುವ ನೌಕರ ಎಂದರೆ ಕೆಲಸದಲ್ಲಿ ಇದ್ದೂ ಇಲ್ಲದವನು, ಒಳಗೂ ಸಲ್ಲದವನು, ಹೊರಗೂ ಸಲ್ಲದವನು. ನಮ್ಮ ಮೀನಿಗೆ ಎರಡೂ ಅರ್ಥ ಒಟ್ಟಿಗೆ ಹೊಂದುತ್ತವೆ. ಅದು ನಮಗೆ ಅಮಾನತ್. ಅದರ ಪಾಡು ಅಮಾನತು.

2023ರ ರಂಜಾನ್ ಏಪ್ರಿಲ್ ಬಿಸಿಲಿನಲ್ಲಿ ಬಿತ್ತು. ನೀರು 28 ಡಿಗ್ರಿ ಮೀರದಂತೆ ಹುಡುಗ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದ ಬಾಟಲಿಗಳನ್ನು ತೊಟ್ಟಿಯಲ್ಲಿ ತೇಲಿಬಿಡುತ್ತಿದ್ದ. ಒಂದು ಸಂಜೆ ಇಫ್ತಾರಿನ ಹೊತ್ತಿಗೆ ಗಾಳಿ ಮಳೆ ಬಂದು ಕರೆಂಟು ಹೋಯಿತು. ಎಲ್ಲೋ ಕಂಬ ಬಿದ್ದಿತ್ತು. ಬ್ಯಾಟರಿಯ ಗಾಳಿಪಂಪು ನಾಲ್ಕು ತಾಸು ನಡೆದು ನಿಂತಿತು. ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು. ಹುಡುಗ ಸ್ಟೂಲಿನ ಮೇಲೆ ನಿಂತು ಮಗ್ಗಿನಲ್ಲಿ ನೀರೆತ್ತಿ ಮೇಲಿನಿಂದ ಸುರಿಯತೊಡಗಿದ. ನೀರು ಬೀಳುವಾಗ ಗಾಳಿ ಬೆರೆಯುತ್ತದೆ. ಅವನು ದಣಿದಾಗ ನಾವು, ನಾವು ದಣಿದಾಗ ಅಣ್ಣ. ಸಹ್ರಿಯ ಹೊತ್ತಿಗೆ ಎದ್ದ ಅಮ್ಮಿ, ಕತ್ತಲಲ್ಲಿ ನೀರಿನ ಸದ್ದು ಕೇಳಿ, "ವುಜೂ ಮಾಡ್ತಾ ಇದ್ದೀರಾ?" ಎಂದರು. ಕರೆಂಟು ಬಂದದ್ದು ಬೆಳಗಿನ ಎಂಟಕ್ಕೆ. ಮೀನು ಉಳಿಯಿತು. ಅಂದು ಆ ಹುಡುಗನ ಮೇಲೆ ನಮಗೆ ಬಹಳ ಪ್ರೀತಿ ಬಂತು. ಅದರ ಜೊತೆಗೇ ಒಂದು ಯೋಚನೆಯೂ ಬಂತು. ಈ ಕಷ್ಟವನ್ನು ತಂದಿಟ್ಟವರೂ ನಾವೇ, ಅದರಿಂದ ಪಾರು ಮಾಡಿದವರೂ ನಾವೇ. ಆರೈಕೆ ಎಷ್ಟೇ ನಿಜವಾಗಿರಲಿ, ಅದು ಮೊದಲ ತಪ್ಪಿನ ಮೇಲೆ ಹೊದಿಸಿದ ಶಾಲಾಗಬಾರದು.

ಅದೇ ವರ್ಷ ಮೀನು ಬಟ್ಟೆ ಬದಲಾಯಿಸಿತು. ಈ ಕುಲದ ದೊಡ್ಡ ಜಾತಿಗಳಲ್ಲಿ ಮರಿಯ ಬಣ್ಣವೇ ಬೇರೆ, ಬೆಳೆದದ್ದರ ಬಣ್ಣವೇ ಬೇರೆ. ಎಂಪರರ್ ಏಂಜೆಲ್ ಎಂಬ ಇನ್ನೊಂದರ ಮರಿಯನ್ನು ಹಿಂದಿನ ಶಾಸ್ತ್ರಜ್ಞರು ಬೇರೆ ಜಾತಿಯೆಂದೇ ಬರೆದಿಟ್ಟಿದ್ದರು. ಬೆಳೆದ ಮೀನು ತನ್ನ ಬಣ್ಣದವರನ್ನು ಕಂಡರೆ ತನ್ನ ಸೀಮೆಯಿಂದ ಅಟ್ಟುತ್ತದೆ. ಮರಿಗೆ ಬೇರೆ ಅಂಗಿ ತೊಡಿಸಿದ್ದು ಅದು ಪೆಟ್ಟು ತಿನ್ನದಿರಲಿ ಎಂದಿರಬಹುದು ಎಂದು ಊಹಿಸಿದವರಿದ್ದಾರೆ. ನಮ್ಮ ಮೀನಿನ ಕಪ್ಪುನೀಲಿ ಮಾಸಿ, ಹಸಿರು ಬೆರೆತ ಕಂದು ಬಂತು. ಬಿಲ್ಲಿನ ಗೆರೆಗಳು ಕರಗಿದವು. ಬಾಲದ ಅಕ್ಷರಗಳು ತುಂಡು ತುಂಡಾಗಿ ನೀಲಿ ಚುಕ್ಕೆಗಳಾದವು. ಒಂದು ಶುಕ್ರವಾರ ಬಂದವರೊಬ್ಬರು ಬಹಳ ಹೊತ್ತು ಹುಡುಕಿ, "ಅಳಿಸಿಹೋಗಿದೆ" ಎಂದು ಎದ್ದರು. ಆಮೇಲೆ ಯಾರೂ ಬರಲಿಲ್ಲ. ಇನ್ನೊಬ್ಬರು ನಮ್ಮ ಮನೆಯಲ್ಲಿ ಏನೋ ತಪ್ಪಾಗಿದೆ, ಅದಕ್ಕೇ ಬರಹ ಹೋಯಿತು ಎಂದೂ ಹೇಳಿದರಂತೆ.

ಅಮ್ಮಿಗೆ ಅದು ಬಹಳ ನೋವಾಯಿತು. ನಾವು ಅವರಿಗೆ ಒಂದೇ ಮಾತು ಹೇಳಿದೆವು. ಆಯತ್ ಎಂಬ ಶಬ್ದಕ್ಕೆ ವಚನ ಎಂಬ ಅರ್ಥವಿರುವಂತೆ ಕುರುಹು ಎಂಬ ಅರ್ಥವೂ ಇದೆ. ಬಾಲದ ನಾಲ್ಕು ಗೆರೆಗಳನ್ನಷ್ಟೇ ಓದಿದವರು ಉಳಿದ ಮೀನನ್ನು ಓದದೆ ಹೋದರು. ಇದನ್ನು ಅಮ್ಮಿಗೆ ಹೇಳುವಾಗ ನಮ್ಮ ಬೆರಳು ನಮ್ಮ ಕಡೆಗೂ ತಿರುಗಿತ್ತು. ನಾವು ಕಥೆ ಬರೆಯುವವರು. ಹಿಂದೊಮ್ಮೆ ನಮ್ಮ ಓಣಿಯ ಹೆಣ್ಣುಮಗಳೊಬ್ಬಳ ಬಾಳನ್ನು ಕಥೆ ಮಾಡಿದೆವು. ಹೆಸರು ಬದಲಿಸಿದ್ದೆವು, ಊರು ಬದಲಿಸಿದ್ದೆವು. ಕಥೆ ಮೆಚ್ಚುಗೆ ಪಡೆಯಿತು. ಯಾರೋ ಓದಿ ಹೇಳಿದ ಮೇಲೆ ಆಕೆ ನಮ್ಮ ಮನೆಗೆ ಬಂದು, "ಚಲೋ ಬರದೀರಂತ. ನನ್ನ ಕೇಳಲಿಲ್ಲಲ್ರೀ" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಆಕೆಯ ಬಾಳಿನಲ್ಲಿ ನಮಗೆ ಬೇಕಾದ ನಾಲ್ಕು ಗೆರೆಗಳನ್ನು ನಾವು ಓದಿದ್ದೆವು, ಗಾಜಿನೊಳಗಿಟ್ಟು ದೀಪ ಹಾಕಿ ತೋರಿಸಿದ್ದೆವು. ಚೆಲುವನ್ನು ಕಂಡ ಕೂಡಲೇ ಕೈಗೆ ತೆಗೆದುಕೊಳ್ಳುವ ಚಟ ಮೀನು ಸಾಕುವವರಿಗೆ ಮಾತ್ರ ಇರುವುದಲ್ಲ.

2023ರ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. 2024ರ ಬೇಸಿಗೆಯಲ್ಲಿ ಘಟಕದ ಮುಂದೆ ಸರದಿ ಬೆಳೆಯಿತು, ಮನೆಗೊಂದೇ ಕ್ಯಾನು ಎಂದಾಯಿತು. ನಮ್ಮ ಮನೆಗೆ ಕುಡಿಯಲು ಒಂದು ಬೇಕು. ತೊಟ್ಟಿಯಿಂದ ದಿನಕ್ಕೆ ಎರಡು ಮೂರು ಲೀಟರ್ ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ, ಅಷ್ಟು ಸಿಹಿನೀರು ತುಂಬದಿದ್ದರೆ ಮೀನಿಗೆ ಅಪಾಯ. ವಾರಕ್ಕೆ 25 ಲೀಟರ್ ಹಳೆಯ ನೀರು ತೆಗೆದು ಹೊಸದು ಹಾಕಬೇಕು. ಹುಡುಗ ಎರಡನೆಯ ಕ್ಯಾನಿಗೆ ಮತ್ತೆ ಸರದಿಯಲ್ಲಿ ನಿಂತ. ಹಿಂದೆ ಇದ್ದವಳು ಮೂರು ವರ್ಷದ ಹಿಂದೆ ಮದುವೆಯೇ ಎಂದು ಕೇಳಿದ್ದ ಅದೇ ಹೆಣ್ಣುಮಗಳು. "ಇದೂ ಮೀನಿಗೇನು?" ಎಂದಳು. ಈ ಸಲ ನಗಲಿಲ್ಲ. ಅವನು ಖಾಲಿ ಕ್ಯಾನನ್ನು ಆಕೆಯ ಕೈಗೆ ಕೊಟ್ಟು ತನ್ನ ಸರದಿ ಬಿಟ್ಟು ಬಂದ. ಆ ವಾರ ನೀರು ಬದಲಾಗಲಿಲ್ಲ. ಮುಂದಿನ ವಾರದಿಂದ ಅವನು ಹಗಲಿನ ಸರದಿಗೆ ಹೋಗದೆ, ಜನ ಮುಗಿದ ಮೇಲೆ ರಾತ್ರಿ ಹೋಗಿ, ಇದ್ದರೆ ತರುತ್ತಿದ್ದ, ಇಲ್ಲದಿದ್ದರೆ ಬರಿಗೈಯಲ್ಲಿ ಬರುತ್ತಿದ್ದ. ನಡುವೆ ಮೀನಿನ ರೆಕ್ಕೆಯ ಅಂಚು ಸವೆಯಿತು. ಒಂದು ಜೀವವನ್ನು ತಂದಿಟ್ಟ ಮೇಲೆ ಅದರ ಬಾಯಾರಿಕೆಯೂ ನಮ್ಮೂರಿನ ಸರದಿಯಲ್ಲಿ ನಿಲ್ಲುತ್ತದೆ ಎಂಬುದನ್ನು ನಾವು ತರುವಾಗ ಲೆಕ್ಕ ಹಾಕಿರಲಿಲ್ಲ.

"ಬಿಟ್ಟುಬಿಡೋಣ ಚಾಚಾ" ಎಂದ ಹುಡುಗ ಆಗ. ಮುರ್ಡೇಶ್ವರದ ಆಚೆ ಸಮುದ್ರದಲ್ಲಿ ನೇತ್ರಾಣಿ ದ್ವೀಪವಿದೆ. ನಮ್ಮ ರಾಜ್ಯದಲ್ಲಿ ಹವಳವೂ ಅದರ ಬಣ್ಣದ ಮೀನುಗಳೂ ಕಾಣುವ ಜಾಗ. ಜನ ಅಲ್ಲಿ ಮುಳುಗಿ ನೋಡಿ ಬರುತ್ತಾರೆ. ದೋಣಿ ಮಾಡಿಕೊಂಡು ಹೋಗಿ ಅಲ್ಲಿ ಬಿಡುವುದು ಅವನ ಯೋಚನೆ. ಕೇಳಲು ಚೆಂದ. ಆದರೆ ಅವನಿಗೇ ಉತ್ತರ ಗೊತ್ತಿತ್ತು. ತೊಟ್ಟಿಯ ಮೀನು ತನ್ನೊಡನೆ ಯಾವ ರೋಗ ಒಯ್ಯುತ್ತದೋ ತಿಳಿಯದು. ಅದು ಯಾವ ಸಮುದ್ರದ್ದೋ ನಮಗೆ ಗೊತ್ತಿಲ್ಲ. ನಮ್ಮ ಕಡಲಿನ ಲಯನ್ ಮೀನು 1985ರಲ್ಲಿ ಮೊದಲ ಬಾರಿಗೆ ಅಮೆರಿಕದ ಫ್ಲಾರಿಡಾದ ಬಳಿ ಕಂಡಿತು. ಸಾಕಿದವರು ಬಿಟ್ಟದ್ದೇ ಅದರ ಮೂಲವೆಂದು ಬಲ್ಲವರು ಹೇಳುತ್ತಾರೆ. ಈಗ ಅದು ಕೆರಿಬಿಯನ್ ಸಮುದ್ರದ ತುಂಬ ಹರಡಿ ಅಲ್ಲಿಯ ಸಣ್ಣ ಮೀನುಗಳನ್ನು ಮುಗಿಸುತ್ತಿದೆ. ದಯೆಯಿಂದ ಬಿಟ್ಟದ್ದೂ ಹಾನಿಯೇ ಆದೀತು. ಎತ್ತಿಕೊಂಡ ಗಳಿಗೆಯಲ್ಲೇ ಹಿಂದಿರುಗಿಸುವ ದಾರಿ ಮುಚ್ಚಿಹೋಗಿತ್ತು. ಕೆಲವು ತಪ್ಪುಗಳಿಗೆ ತೌಬಾ ಉಂಟು, ತಿದ್ದುಪಡಿ ಇಲ್ಲ. ಅಂಥ ತಪ್ಪಿನೊಂದಿಗೆ ಮಾಡಬಹುದಾದ್ದು ಎರಡೇ: ಮತ್ತೆ ಮಾಡದಿರುವುದು, ಆದದ್ದನ್ನು ಕೊನೆಯವರೆಗೆ ಹೊರುವುದು.

ಹೀಗೆ ನಾವು ಕೆಲವು ತೀರ್ಮಾನ ಮಾಡಿಕೊಂಡೆವು. ಈ ಮೀನು ಇರುವವರೆಗೆ ಅದಕ್ಕೆ ಏನು ಬೇಕೋ ಅದನ್ನು ಕೊಡುವುದು. ಇನ್ನೊಂದನ್ನು ತರದಿರುವುದು. ಮಳೆ ಬಂದ ಮೇಲೆ ಮನೆಯ ಮಾಳಿಗೆಯ ನೀರನ್ನು ಸೋಸಿ ಹಿಡಿಯಲು ಸಿಂಟೆಕ್ಸ್ ಕೂರಿಸಿದ್ದೇವೆ. ಹುಡುಗ ಅದನ್ನೇ ಮತ್ತೆ ಶುದ್ಧ ಮಾಡಿ ಬಳಸುತ್ತಾನೆ, ಘಟಕದ ಸರದಿಗೆ ಹೋಗುವುದಿಲ್ಲ. ಶುದ್ಧ ಮಾಡುವಾಗ ಹೊರಗೆ ಹೋಗುವ ನೀರನ್ನು ಚರಂಡಿಗೆ ಬಿಡದೆ ಪಾತ್ರೆ ಬಟ್ಟೆಗೆ ಹಿಡಿದಿಡುತ್ತೇವೆ. ಸಂಬಳ ಕೂಡಿದ ಮೇಲೆ ಆರಡಿಯ ತೊಟ್ಟಿ ಮಾಡಿಸುವ ಆಸೆ ಅವನಿಗಿದೆ. ಆರಡಿಯೂ ಸಮುದ್ರವಲ್ಲ ಎಂಬುದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಕಳೆದ ತಿಂಗಳು ಬೆಂಗಳೂರಿನ ಹಳೆಯ ಪರಿಚಯದವರು ಫೋನು ಮಾಡಿ ಹೊಸ ಮಾಲು ಬಂದಿದೆ, ಎಂಪರರ್ ಇದೆ, ಬೇಕೇ ಎಂದರು. "ಬೇಡ ಅಣ್ಣಾ" ಎಂದು ಇಟ್ಟುಬಿಟ್ಟ.

ಮೊನ್ನೆ ರಾಣೆಬೆನ್ನೂರಿನಿಂದ ನೆಂಟರೊಬ್ಬರು ಬಂದಿದ್ದರು. ಯಾರೋ ಯಾವಾಗಲೋ ಹೇಳಿದ್ದು ಅವರಿಗೆ ಈಗ ನೆನಪಾಗಿತ್ತು. ನಿಮ್ಮಲ್ಲಿ ಅಕ್ಷರದ ಮೀನು ಇದೆಯಂತಲ್ಲ, ತೋರಿಸಿ ಎಂದರು. ಅಮ್ಮಿ ತಸ್ಬಿ ಪಕ್ಕಕ್ಕಿಟ್ಟು, ಬೇಯಿಸಿದ ಪಾಲಕ್ ಸೊಪ್ಪಿನ ಎಲೆಯೊಂದನ್ನು ನೀರಿಗೆ ಬಿಟ್ಟರು. ಮೀನು ಬಂಡೆಯ ಹಿಂದಿನಿಂದ ಹೊರಗೆ ಬಂತು.

"ಅಕ್ಷರ ಹೋಯಿತಪ್ಪಾ. ಮೀನು ಇದೆ, ನೋಡು" ಎಂದರು ಅಮ್ಮಿ.